ಗಾಳಿ ಹೋಯ್ತಾ, ಶರ್ವಾಣಿ?

"ಗಾಳಿ ಹೋಯ್ತಾ, ಶರ್ವಾಣಿ?"

ಡಾಕ್ಟರ್ ಶಾಂತಲಾ ಕೇಳಿದ್ದು ಆರು ಹಾಸಿಗೆಯ ವಾರ್ಡಿಗೆಲ್ಲ ಕೇಳಿಸಿತು. ಪಕ್ಕದ ಹಾಸಿಗೆಯ ವಸಿಷ್ಠ ಕಾಮಿಕ್ಸ್‌ನಿಂದ ತಲೆ ಎತ್ತಿ ಕಿಸಕ್ಕೆಂದ. ನಾಳೆ ಅವನಿಗೇ ಅಪೆಂಡಿಕ್ಸ್ ಆಪರೇಷನ್. ಆದರೂ ಹಲ್ಲು ಕಿಸಿಯುವುದರಲ್ಲಿ ಏನೂ ಕಡಿಮೆಯಿರಲಿಲ್ಲ.

ಶರ್ವಾಣಿ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು. "ಇಲ್ಲ ಮೇಡಂ."

ಅದು ಸುಳ್ಳು. ಬೆಳಿಗ್ಗೆ ಆರು ಗಂಟೆಗೇ ಹೋಗಿತ್ತು, ಸದ್ದಿಲ್ಲದೆ. ಆದರೆ ಐದನೇ ಕ್ಲಾಸಿನ ಹುಡುಗಿ ಅದನ್ನು ಹುಡುಗರ ಎದುರು ಹೇಳುವುದುಂಟೇ? ಅದೂ ಸಿದ್ದಗಂಗಮ್ಮನವರ ಮೊಮ್ಮಗಳು! ಹನುಮಂತನಗರದ ಅವರ ಮನೆಯಲ್ಲಿ ಊಟದ ಹೊತ್ತಿಗೆ ಜೋರಾಗಿ ತೇಗಿದರೂ ಅಜ್ಜಿ ಕಣ್ಣು ಕೆಕ್ಕರಿಸುತ್ತಿದ್ದರು. ಇನ್ನು ಇದಕ್ಕೆ ಏನು ಮಾಡುತ್ತಿದ್ದರೋ, ಶಿವನೇ ಬಲ್ಲ.

ಒಂದು ವರ್ಷದಿಂದ ಶರ್ವಾಣಿಗೆ ಆಗಾಗ ಹೊಟ್ಟೆನೋವು ಬರುತ್ತಿತ್ತು, ಕಣ್ಣು ಹಳದಿಯಾಗುತ್ತಿತ್ತು. ಕಾಮಾಲೆ ಎಂದು ಅಜ್ಜಿ ಎಣ್ಣೆ, ತುಪ್ಪ ಬಿಡಿಸಿ ನೆಲನೆಲ್ಲಿ ಅರೆದು ಕುಡಿಸಿದರು. ಹೋದ ಹಾಗೆ ಮಾಡಿ ಮತ್ತೆ ಬಂತು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು. ಲಿವರಿನಿಂದ ಕರುಳಿಗೆ ಪಿತ್ತರಸ ಒಯ್ಯುವ ನಾಳ ಹುಟ್ಟಿನಿಂದಲೇ ಸರಿಯಿರಲಿಲ್ಲ. ಬಲೂನಿನ ಹಾಗೆ ಊದಿಕೊಂಡಿತ್ತು.

ಡಾಕ್ಟರ್ ಶಾಂತಲಾ ಹೊಟ್ಟೆಯಲ್ಲಿ ನಾಲ್ಕೇ ನಾಲ್ಕು ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ ಇಳಿಸಿ, ಟಿವಿಯಲ್ಲಿ ನೋಡುತ್ತಲೇ ಊದಿದ ನಾಳವನ್ನು ತೆಗೆದಿದ್ದರು. ಕರುಳಿನದೇ ಒಂದು ಭಾಗವನ್ನು ಲಿವರಿಗೆ ಜೋಡಿಸಿ ಹೊಸ ದಾರಿ ಮಾಡಿದ್ದರು. ಒಂದೊಂದು ಗಾಯವೂ ಉಗುರಿನಷ್ಟು ಅಗಲ, ಅಷ್ಟೇ.

"ಆಪರೇಷನ್ ಆದ್ಮೇಲೆ ಕರುಳು ನಿದ್ದೆ ಮಾಡುತ್ತೆ. ಅದು ಎದ್ದಿದೆ ಅನ್ನೋದಕ್ಕೆ ಗಾಳಿನೇ ಸಾಕ್ಷಿ. ಅಲ್ಲೀವರೆಗೂ ಒಂದು ತೊಟ್ಟು ನೀರೂ ಇಲ್ಲ," ಎಂದು ಅವರು ಮೊದಲ ದಿನವೇ ಹೇಳಿದ್ದರು.

ಈಗ ಅವರ ಹುಬ್ಬು ಗಂಟಿಕ್ಕಿತು. "ನಾಲ್ಕನೇ ದಿನ ಅಲ್ವಾ? ಮಧ್ಯಾಹ್ನ ಒಂದು ಸ್ಕ್ಯಾನ್ ಮಾಡಿಸೋಣ. ಜಾಯಿಂಟ್ ಮಾಡಿದ ಕಡೆ ಏನಾದ್ರೂ ತೊಂದ್ರೆ ಇದ್ಯಾ ನೋಡ್ಬೇಕು."

ಅಮ್ಮ ಹೊರಗೆ ಹೋಗಿ ಅಪ್ಪನಿಗೆ ಫೋನ್ ಮಾಡಿದಳು. ಬಾಗಿಲು ಅರ್ಧ ತೆರೆದಿತ್ತು. "ರೀ, ಇನ್ನೊಂದ್ಸಲ ಆಪರೇಷನ್ ಅಂದ್ಬಿಟ್ರೆ ಏನ್ರೀ ಮಾಡೋದು?" ಎನ್ನುವಾಗ ಅವಳ ದನಿ ಒಡೆಯಿತು.

ಶರ್ವಾಣಿಗೆ ಎಲ್ಲ ಕೇಳಿಸಿತು. ಒಂದು ಸಣ್ಣ ಸುಳ್ಳು ಎಲ್ಲಿಂದ ಎಲ್ಲಿಗೆ ಹೋಯಿತು!

ಅಮ್ಮ ಒಳಗೆ ಬಂದ ಕೂಡಲೇ ಶರ್ವಾಣಿ ಪಿಸುಗುಟ್ಟಿದಳು. "ಅಮ್ಮಾ, ಹೋಗಿದೆ."

"ಏನು ಹೋಗಿದೆ?"

"ಅದೇ... ಗಾಳಿ. ಬೆಳಿಗ್ಗೆನೇ."

ಅಮ್ಮ ತಲೆ ಸವರಿದಳು. "ನನ್ ಸಮಾಧಾನಕ್ಕೆ ಹೇಳ್ಬೇಡ ಪುಟ್ಟಿ."

ಡ್ರಿಪ್ ಸರಿಮಾಡುತ್ತಿದ್ದ ಬಿಂದುಶ್ರೀ ಸಿಸ್ಟರ್ ನಕ್ಕರು. "ಈಗ ತಾನೇ ಇಲ್ಲ ಅಂದೆ. ನೀರು ಸಿಗ್ಲಿ ಅಂತ ನಾಟ್ಕನಾ, ಕಳ್ಳಿ? ಎದ್ದೇಳು, ಸ್ವಲ್ಪ ನಡೀಬೇಕು."

ನಿಜ ಹೇಳಿದರೂ ನಂಬುವವರಿಲ್ಲ! ಅಳು ಬಂತು. ಡ್ರಿಪ್ ಸ್ಟ್ಯಾಂಡ್ ಹಿಡಿದು ಶರ್ವಾಣಿ ನಿಧಾನವಾಗಿ ಹೆಜ್ಜೆ ಹಾಕಿದಳು. ಅಷ್ಟರಲ್ಲಿ ಅಜ್ಜಿಯೂ ಬಂದರು, ಹಣೆಯ ಮೇಲೆ ವಿಭೂತಿ, ಮುಖದ ತುಂಬ ಚಿಂತೆ.

ವಸಿಷ್ಠನ ಹಾಸಿಗೆಯ ಹತ್ತಿರ ಬರುವಷ್ಟರಲ್ಲಿ ಹೊಟ್ಟೆಯೊಳಗೆ ಗುಡುಗುಡು ಎಂದಿತು. ಹಿಡಿದುಕೊಳ್ಳಬಹುದಿತ್ತು. ಎದುರಿಗೆ ಅಜ್ಜಿ, ಪಕ್ಕದಲ್ಲಿ ವಸಿಷ್ಠ, ವಾರ್ಡಿನ ತುಂಬ ಜನ. ಅಮ್ಮನ ಒಡೆದ ದನಿ ನೆನಪಾಯಿತು. ಶರ್ವಾಣಿ ಕಣ್ಣು ಮುಚ್ಚಿ ಬಿಟ್ಟೇ ಬಿಟ್ಟಳು.

ಪುರ್ರ್ರ್ರ್ರ್!

ವಸಿಷ್ಠನ ಕೈಯ ಕಾಮಿಕ್ಸ್ ಕೆಳಗೆ ಬಿತ್ತು.

"ನಂದೇ ಅದು!" ಎಂದು ಅವಳು ಕೂಗಿದಳು. "ಬೆಳಿಗ್ಗೆನೂ ಹೋಗಿತ್ತು. ನಾಚ್ಕೆ ಆಗಿ ಸುಳ್ಳು ಹೇಳ್ದೆ!"

"ಶಿವಶಿವಾ! ಬಂತಲ್ಲೇ ನನ್ನ ಬಂಗಾರ!" ಅಜ್ಜಿ ಎರಡೂ ಕೈಯೆತ್ತಿ ಮುಗಿದರು. ಅಮ್ಮ ನಗುತ್ತಲೇ ಅತ್ತಳು. ಯಾರೋ ಚಪ್ಪಾಳೆ ತಟ್ಟಿದರು. ವಾರ್ಡಿಗೆ ವಾರ್ಡೇ ತಟ್ಟಿತು.

ಡಾಕ್ಟರ್ ಓಡಿ ಬಂದು ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟರು. "ಸಖತ್ತಾಗಿ ಸದ್ದು ಮಾಡ್ತಿದೆ! ಸ್ಕ್ಯಾನ್ ಬೇಡ. ಎರಡು ಚಮಚ ನೀರು ಕೊಡಿ."

ನಾಲ್ಕು ದಿನದ ಮೇಲೆ ಬಾಯಿಗೆ ಬಿದ್ದ ಎರಡು ಚಮಚ ನೀರು! ಅಷ್ಟು ರುಚಿಯಾದದ್ದನ್ನು ಶರ್ವಾಣಿ ಹುಟ್ಟಿದಾಗಿನಿಂದ ಕುಡಿದಿರಲಿಲ್ಲ.

ಅಜ್ಜಿ ಆಗಲೇ ಪಕ್ಕದ ಮನೆಯವಳ ಜೊತೆ ಫೋನಿನಲ್ಲಿದ್ದರು. "ಜ್ಯೋತ್ಸ್ನಾ, ನನ್ ಮೊಮ್ಮಗಳು ಹೂಸು ಬಿಟ್ಲು ಕಣೇ! ಹೂಂ, ಜೋರಾಗಿ!"

ಸಂಜೆಯೊಳಗೆ ಹನುಮಂತನಗರಕ್ಕೆಲ್ಲ ಡಂಗುರವಾಗುವುದು ಖಂಡಿತ. ಆದರೆ ಶರ್ವಾಣಿಗೆ ಹೆಮ್ಮೆಯೇ ಆಯಿತು.

ಎರಡು ದಿನ ಕಳೆಯಿತು. ಅವಳು ಗಂಜಿ ಮುಗಿಸಿ ಇಡ್ಲಿಗೆ ಬಂದಿದ್ದಳು. ಆಪರೇಷನ್ ದಿನ ಹಾಕಿದ್ದ ಮೂಗಿನ ಟ್ಯೂಬನ್ನೂ ತೆಗೆದಿದ್ದರು. ಪಕ್ಕದ ಹಾಸಿಗೆಯ ವಸಿಷ್ಠನಿಗೂ ಆಪರೇಷನ್ ಆಗಿತ್ತು.

"ಗಾಳಿ ಹೋಯ್ತಾ, ವಸಿಷ್ಠ?" ಎಂದರು ಡಾಕ್ಟರ್.

ವಸಿಷ್ಠ ಫ್ಯಾನ್ ನೋಡಿದ. ಅವನ ಕಿವಿ ಕೆಂಪಾಗಿತ್ತು. "ಇಲ್ಲ ಮೇಡಂ."

ಈ ಹೊತ್ತಿಗಾಗಿಯೇ ಶರ್ವಾಣಿ ಒಂದು ದೊಡ್ಡ ನಗು ಕಾದಿಟ್ಟಿದ್ದಳು. ಅವನ ಕಿವಿ ನೋಡಿದ ಮೇಲೆ ಅದು ಬರಲೇ ಇಲ್ಲ.

ಅವಳು ಮೆಲ್ಲಗೆ ಹಾಸಿಗೆಯಿಂದಿಳಿದಳು. ವಸಿಷ್ಠನ ಮಂಚದ ಸುತ್ತಲಿನ ಹಸಿರು ಪರದೆಯನ್ನು ಪೂರ್ತಿ ಎಳೆದು, ತಾನು ಹೊರಗೇ ನಿಂತಳು.

"ಮೇಡಂ, ಈಗ ಇನ್ನೊಂದ್ಸಲ ಕೇಳಿ," ಎಂದಳು.