ಚೌಕಕ್ಕೆ ಒಂದು ಸಸಿ ಕಡಿಮೆ

ಚಳಿ ಇಳಿಮುಖವಾಗಿತ್ತು. ಸಸಿಯಮ್ಮ ಎಲೆಕೋಸಿನ ಮಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಸಸಿ ನಾಟುತ್ತಿದ್ದಳು. ಓಲೆಯವನ ಬೈಕು ಬೇಲಿಯ ಹತ್ತಿರ ನಿಂತರೂ ತಲೆ ಎತ್ತಲಿಲ್ಲ.

ದನಗಳ ಕಿವಿಗೆ ಓಲೆಯಂತೆ ನಂಬರಿನ ಬಿಲ್ಲೆ ಹೊಡೆಯುವವನಿಗೆ ಜನ ಇಟ್ಟ ಹೆಸರು ಅದು. ವರ್ಷಕ್ಕೊಮ್ಮೆ ಬರುತ್ತಿದ್ದ. ಬಾಡಿಗೆ ಕೋಣೆಯಲ್ಲಿ ಮಾತಿಗೊಂದು ಜೀವವಿಲ್ಲದೆ, ಮಾರನೆಯ ದಿನದ ಬಿಲ್ಲೆಗಳ ನಂಬರನ್ನೇ ಭಾಗಿಸುತ್ತ ಕೂರುವುದು ಅವನ ಚಾಳಿ. ಹೋದ ಸಲ ಅವಳ ಎರಡು ಕರುಗಳಲ್ಲಿ ಒಂದಕ್ಕೆ ಬಿದ್ದದ್ದು 1040399. ಅವತ್ತು ಅವಳು ಊಟಕ್ಕೆ ನಿಲ್ಲಿ ಎಂದಿದ್ದಳು. ಗಂಡ ತೀರಿಕೊಂಡ ಮೇಲೆ ಯಾರನ್ನೂ ಹಾಗೆ ಕರೆದವಳಲ್ಲ. ಅದು ಬರೀ ಊಟದ ಮಾತಲ್ಲವೆಂದು ಅವನಿಗೆ ತಿಳಿಯಿತು. ತಿಳಿದೇ ಹೆದರಿದ. ಈ ನಂಬರು ಯಾವುದರಿಂದಲೂ ಭಾಗವಾಗುವುದಿಲ್ಲ, ಒಂಟಿ ಜಾತಿ, ತಾನೂ ಅದೇ ಜಾತಿ ಎಂದು ನಗಾಡಿ ಬೈಕು ಹತ್ತಿದ್ದ. ಆ ನಗು ವರ್ಷವಿಡೀ ಅವನನ್ನು ಕೊರೆದಿತ್ತು.

"ನಿಮ್ಮ ಒಂಟಿ ನಂಬರು ಒಡೀತು," ಎಂದಳು ಸಸಿಯಮ್ಮ.

"ಆಗಲ್ಲ. ಸಾವಿರದವರೆಗೂ ಭಾಗಿಸಿ ನೋಡಿದೀನಿ."

"ಇನ್ನೊಂದು ಚೂರು ಮುಂದೆ ಹೋಗಬೇಕಿತ್ತು."

ಮಡಿ ತೋರಿಸಿದಳು. ಏಳು ಸಾಲು, ಸಾಲಿಗೆ ಏಳು. ಒಂದು ಸಸಿ ಸಾಲದೆ ಬಂದರೆ ಕೊನೆಯ ಸಾಲಿನ ಆರನ್ನೂ ಕಿತ್ತು, ಉಳಿದ ಆರು ಸಾಲುಗಳ ತುದಿಗೆ ಒಂದೊಂದು ನೆಡುವುದು ಅವಳ ರೂಢಿ. ಆಗ ಆರು ಸಾಲು, ಸಾಲಿಗೆ ಎಂಟು, ಮಡಿ ಮೊಂಡಾಗುವುದಿಲ್ಲ. ಇನ್ನೊಂದು ಕರುವಿನ ನಂಬರು ಈ ಒಂಟಿ ನಂಬರಿಗಿಂತ ಒಂದೇ ಹೆಚ್ಚು. ಅದು ಸಾವಿರದ ಇಪ್ಪತ್ತು ಸಾಲು, ಸಾಲಿಗೂ ಅಷ್ಟೇ, ಸರಿಯಾದ ಚೌಕ. ಇದು ಆ ಚೌಕಕ್ಕೆ ಒಂದು ಸಸಿ ಕಡಿಮೆ.

ಅವನ ತುಟಿ ಅಲುಗಿತು. "ಸಾವಿರದ ಹತ್ತೊಂಬತ್ತು ಸಾಲು, ಸಾಲಿಗೆ ಸಾವಿರದ ಇಪ್ಪತ್ತೊಂದು." ತುಸು ಹೊತ್ತು ಲೆಕ್ಕ ಹಾಕಿದ. "ಅವು ಮಾತ್ರ ಒಡೆಯಲ್ಲ. ಎರಡೂ ಒಂಟಿಗಳೇ."

"ಇರಲಿ ಬಿಡಿ. ಮಧ್ಯೆ ಒಂದೇ ಒಂದು ಸಂಖ್ಯೆ ಬಿಟ್ಟು ಅಕ್ಕಪಕ್ಕದಲ್ಲೇ ಇದಾವಲ್ಲ." ಓರೆಗಣ್ಣಲ್ಲಿ ನೋಡಿದಳು. "ಲೆಕ್ಕದ ಪಂಡಿತರು ಸಾವಿರಕ್ಕೇ ಸುಸ್ತಾದ್ರಾ?"

ಅವನು ನಗಲಿಲ್ಲ. "ನಾನು ಯಾವಾಗ್ಲೂ ಹಾಗೇ. ಇನ್ನೇನು ಸಿಗುತ್ತೆ ಅನ್ನೋ ಹೊತ್ತಿಗೆ, ಸಾಕು ಅಂತ ಎದ್ದುಬಿಡ್ತೀನಿ."

ಸಸಿಯ ಬುಡಕ್ಕೆ ಮಣ್ಣು ಒತ್ತುತ್ತಿದ್ದ ಅವಳ ಕೈ ನಿಂತಿತು. "ಇವತ್ತೂನಾ?"

ದೂರದಲ್ಲಿ ಒಂದು ದನ ಕೂಗಿ ಸುಮ್ಮನಾಯಿತು. ಅವನು ಹೆಲ್ಮೆಟ್ಟು ತೆಗೆದು ಬೇಲಿಯ ಗೂಟಕ್ಕೆ ನೇತುಹಾಕಿದ.

"ಊಟಕ್ಕೆ ಕೈ ತೊಳ್ಕೊಳ್ಳೋಕೆ ನೀರು ಎಲ್ಲಿದೆ?" ಎಂದ.