ಲಿಫ್ಟ್ ಹತ್ತದ ಹುಡುಗಿ

"ಅಯ್ಯೋ ಮೇಡಂ, ಯಾಕಿಷ್ಟು ಕಷ್ಟಪಟ್ಟು ಹತ್ತುತ್ತಿದ್ದೀರಾ? ಲಿಫ್ಟ್ ಇದೆಯಲ್ಲ!"

ಮೂರನೇ ಮಹಡಿಯ ತಿರುವಿನಲ್ಲಿ ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದವಳು ತಲೆ ಎತ್ತಿದಳು. ಎದುರಿಗೆ ಒಬ್ಬ ಯುವಕ. ನೀಲಿ ಅಂಗಿ, ಕೈತುಂಬ ಗ್ರೀಸು, ಹೆಗಲಿಗೆ ಸ್ಪ್ಯಾನರ್ ಚೀಲ. ಕಟ್ಟಡದ ಲಿಫ್ಟ್ ಮೆಕ್ಯಾನಿಕ್.

ಅವಳ ಮುಖವೆಲ್ಲ ಬೆವರು. ಕೂದಲು ಹಣೆಗೆ ಅಂಟಿದೆ. 'ದೇವರೇ, ಇಷ್ಟು ಚೆನ್ನಾಗಿರೋ ಕಣ್ಣಿನವನು ಇಂಥ ಹೊತ್ತಲ್ಲೇ ಎದುರಾಗಬೇಕಾ...'

"ಯಾಕೆ? ನಿಮ್ಮ ಲಿಫ್ಟ್ ನನ್ನ ಭಾರ ತಡ್ಕೊಳ್ಳುತ್ತಾ?" ಎಂದಳು. ಬೇರೆಯವರು ಆಡಿಕೊಳ್ಳುವ ಮೊದಲು ತಾನೇ ಅಂದುಬಿಡುವುದು ಅವಳ ಹಳೇ ಅಭ್ಯಾಸ.

ಅವನು ಆ ಪ್ರಶ್ನೆಯನ್ನು ಗಂಭೀರವಾಗಿಯೇ ತೆಗೆದುಕೊಂಡ.

"ಎಂಟು ಜನರನ್ನ ಎಳೆಯುತ್ತೆ ಮೇಡಂ. ನಿಮ್ಮೊಬ್ಬರದು ಯಾವ ಲೆಕ್ಕ!"

ಎಂಟು ಜನ! ಅವಳ ಕಿವಿ ಬಿಸಿಯಾಯಿತು. ಉಸಿರಿಲ್ಲದಿದ್ದರೂ ಉಳಿದ ಮೆಟ್ಟಿಲುಗಳನ್ನು ದಡದಡ ಹತ್ತಿಬಿಟ್ಟಳು.

ಪಾಪ, ಅವನು ತನ್ನ ಲಿಫ್ಟಿನ ಗುಣಗಾನ ಮಾಡಿದ್ದ, ಅಷ್ಟೇ. ಅದು ಅವಳಿಗೆ ಹೇಗೆ ಗೊತ್ತಾಗಬೇಕು? ಮನೆಯಲ್ಲಿ ಅಣ್ಣ ಪ್ರೀತಿಯಿಂದಲೇ 'ಗುಂಡು' ಅಂತ ಕರೆಯುತ್ತಿದ್ದ. ಹುಟ್ಟಿದಾಗಿನಿಂದ ಆ ಹೆಸರು ಕೇಳಿ ಬೆಳೆದವಳಿಗೆ ಭಾರ ಅನ್ನುವ ಶಬ್ದ ಕಿವಿಗೆ ಬಿದ್ದರೆ ಸಾಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಮ್ಮ ಗುಂಡು.

ಆದರೆ ಅವಳು ಮೆಟ್ಟಿಲು ಹತ್ತುತ್ತಿದ್ದುದು ಅಂದಕ್ಕಾಗಿ ಅಲ್ಲ, ಭಯಕ್ಕೆ. ಅಮ್ಮನಿಗೆ ಸಕ್ಕರೆ ಕಾಯಿಲೆ. ಹಿಂದಿನ ವರ್ಷ ಕಾಲಿನ ಒಂದು ಬೆರಳನ್ನೇ ತೆಗೆದಿದ್ದರು. ಅಮ್ಮನ ಡಾಕ್ಟರು ಮಗಳ ರಕ್ತವನ್ನೂ ಪರೀಕ್ಷೆ ಮಾಡಿಸಿ, "ನೀನೂ ಗಡಿಯಲ್ಲೇ ನಿಂತಿದೀಯಮ್ಮ" ಅಂದಿದ್ದರು.

"ಜಿಮ್ಮಿಗೆ ಸೇರಬೇಕಾ ಡಾಕ್ಟ್ರೇ?"

"ಮೊದಲು ಕುರ್ಚಿ ಬಿಟ್ಟು ಏಳು. ಆಮೇಲೆ ನೋಡೋಣ."

ಮಾತು ನಾಟಿತ್ತು. ಐದನೇ ಮಹಡಿಯ ಲ್ಯಾಬಿನಲ್ಲಿ ಅವಳದು ಕಟ್ಟುಹಲ್ಲು ಮಾಡುವ ಕೆಲಸ. ಬೆಳಿಗ್ಗೆ ಕೂತರೆ ಸಂಜೆಯವರೆಗೂ ಕುರ್ಚಿ. ಈಗ ಅಚ್ಚಿಗೆ ಸುರಿದ ಪ್ಲಾಸ್ಟರ್ ಗಟ್ಟಿಯಾಗುವವರೆಗೂ ಕಾರಿಡಾರಿನಲ್ಲಿ ಅಡ್ಡಾಡುತ್ತಿದ್ದಳು. ಒಂದು ಸ್ಟಾಪ್ ಮೊದಲೇ ಬಸ್ಸಿಳಿದು ನಡೆಯುತ್ತಿದ್ದಳು. ಚಹಾಕ್ಕೆ ಸಕ್ಕರೆ ಬಿಟ್ಟಳು, ಟಿವಿ ಮುಂದೆ ಊಟ ಬಿಟ್ಟಳು. ಲಿಫ್ಟನ್ನಂತೂ ಪೂರ್ತಿ ಬಿಟ್ಟಳು.

ಅವಳು ಲಿಫ್ಟ್ ಬಿಟ್ಟ ವಾರವೇ ಅದು ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡು, ಒಳಗಿದ್ದವರು ಕೂಗಾಡಿ ದೊಡ್ಡ ರಾದ್ಧಾಂತವಾಗಿತ್ತು. ಅದರ ಮರುದಿನವೇ ಈ ಹೊಸ ಮೆಕ್ಯಾನಿಕ್ ಬಂದಿದ್ದ. ಎಲ್ಲವನ್ನೂ ಬಿಚ್ಚಿ, ಬೇಕಾದ್ದನ್ನು ಬದಲಾಯಿಸಿ, ಹೊಸದರ ಹಾಗೆ ಮಾಡಿಟ್ಟಿದ್ದ.

ಆಮೇಲೂ ಒಬ್ಬಳು ಮಾತ್ರ ಹತ್ತುತ್ತಿರಲಿಲ್ಲ.

ಅದು ಅವನ ನಿದ್ದೆ ಕೆಡಿಸಿತ್ತು. ತಾನು ರಿಪೇರಿ ಮಾಡಿದ ಲಿಫ್ಟಿನ ಮುಂದೆಯೇ ಹಾದು, ಅದರತ್ತ ನೋಡದೆ ಮೆಟ್ಟಿಲಿಗೆ ಹೋಗುತ್ತಾಳಲ್ಲ ಈ ಹುಡುಗಿ... 'ನನ್ನ ಕೆಲಸದ ಮೇಲೆ ಅಷ್ಟೂ ನಂಬಿಕೆ ಇಲ್ವಾ?' ಕುಂಬಳಕಾಯಿ ವಿಷಯದಲ್ಲಿ ಅವನೂ ಅವಳಿಗಿಂತ ಏನೂ ಕಡಿಮೆ ಇರಲಿಲ್ಲ ಅನ್ನಿ!

ಅವನು ಮತ್ತೆ ಮತ್ತೆ ಬಂದ. ಬ್ರೇಕ್ ನೋಡಿದ, ದೀಪ ಬದಲಿಸಿದ, ಬಾಗಿಲಿಗೆ ಎಣ್ಣೆ ಬಿಟ್ಟ. ಅವಳು ಬರುವ ಹೊತ್ತಿಗೆ ಸರಿಯಾಗಿ ಮೂರನೇ ಮಹಡಿಯ ತಿರುವಿನಲ್ಲಿ ನಿಂತಿರುತ್ತಿದ್ದ. ಅವಳ ಉಸಿರು ತಹಬಂದಿಗೆ ಬರುವವರೆಗೂ ಏನೋ ಒಂದು ಮಾತು.

"ಕಟ್ಟುಹಲ್ಲು ನೀವೇ ಮಾಡ್ತೀರಾ? ಹಾಗಾದ್ರೆ ನಮ್ಮಜ್ಜಿದೂ ನೀವೇ ಮಾಡಿರಬೇಕು."

"ಇರಬಹುದು. ಯಾಕೆ, ಸರಿಯಾಗಿ ಕೂತಿಲ್ವಾ?"

"ಸರಿಯಾಗಿ ಕೂತಿರೋದೇ ತೊಂದರೆ ಆಗಿರೋದು! ಮೊದಲು ಬೈದರೆ ಅರ್ಥ ಆಗ್ತಿರಲಿಲ್ಲ. ಈಗ ಒಂದೊಂದು ಬೈಗುಳಾನೂ ಸ್ಪಷ್ಟ!"

ಅವಳು ಬಿದ್ದು ಬಿದ್ದು ನಕ್ಕಳು. ಆ ದಿನವೆಲ್ಲ ಕೈಯಲ್ಲಿದ್ದ ಹಲ್ಲಿನ ಸೆಟ್ಟೂ ನಗುತ್ತಿರುವಂತೆ ಕಂಡಿತು. ತಿಂಗಳುಗಳು ಉರುಳಿದವು. ಸೊಂಟದ ಪಟ್ಟಿ ಸಡಿಲವಾಯಿತು, ಏದುಸಿರು ಹೋಯಿತು. ಆದರೂ ಮೂರನೇ ಮಹಡಿಯಲ್ಲಿ ಎದೆ ಹಾರುವುದು ನಿಲ್ಲಲಿಲ್ಲ. ಅದಕ್ಕೆ ಕಾರಣ ಮೆಟ್ಟಿಲಲ್ಲ ಅಂತ ಅವಳಿಗೂ ಗೊತ್ತಿತ್ತು.

ಆದರೆ ಮಾತಿನ ಕೊನೆಗೆ ಅವನದು ಒಂದೇ ರಾಗ.

"ಇವತ್ತಾದರೂ ಲಿಫ್ಟ್ ಹತ್ತಿ ಮೇಡಂ... ಒಂದೇ ಸಲ."

ಚುಳ್ಳೆನ್ನುತ್ತಿತ್ತು. 'ಇನ್ನೂ ನಾನು ಇವನ ಕಣ್ಣಿಗೆ ಆ ಏದುಸಿರಿನ ಗುಂಡೂನೇ!'

ಅಲ್ಲಿಂದ ಶುರುವಾಯಿತು ನೋಡಿ ಚಡಪಡಿಕೆ. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಡಾಕ್ಟರು ಹೇಳಿದ್ದು ಸಾಲದೆನಿಸಿತು. ಇನ್ನೂ ಇಳಿಯಬೇಕು, ಬೇಗ ಇಳಿಯಬೇಕು... ರಾತ್ರಿಯೂಟ ಬಿಟ್ಟಳು. ಆಮೇಲೆ ಬೆಳಗಿನದೂ ಹೋಯಿತು.

"ಏನೇ ಇದು?" ಅಮ್ಮ ಮುಚ್ಚಿಟ್ಟ ತಟ್ಟೆ ತೆಗೆದು ಗದರಿದರು. "ನಡೆಯೋದು ಬೇರೆ, ಉಪವಾಸ ಸಾಯೋದು ಬೇರೆ. ಯಾರಿಗೋಸ್ಕರ ಇಷ್ಟೆಲ್ಲ?"

"ಯಾರಿಗೂ ಇಲ್ಲಮ್ಮ!" ಎಂದವಳು ಮುಖ ತಿರುಗಿಸಿ ಚಪ್ಪಲಿ ಮೆಟ್ಟಿಕೊಂಡಳು. ಅಮ್ಮನಿಗೆ ಉತ್ತರ ಸಿಕ್ಕಿಬಿಟ್ಟಿತು.

ಅದೇ ದಿನ ಮೂರನೇ ಮಹಡಿ ತಲುಪುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂತು. ಬೀಳುವ ಮೊದಲೇ ಯಾರೋ ತೋಳು ಹಿಡಿದು ಕೂರಿಸಿದರು. ಕಣ್ಣು ಬಿಟ್ಟರೆ ಅವನೇ. ಗಾಬರಿಯಿಂದ ಅವನ ಮುಖ ಬಿಳುಚಿತ್ತು.

"ನಡೀರಿ, ಲಿಫ್ಟಲ್ಲಿ ಕರ್ಕೊಂಡು ಹೋಗ್ತೀನಿ."

"ಬೇಡ!"

"ಇಂಥ ಹೊತ್ತಲ್ಲೂ ಬೇಡ್ವಾ?"

"ಬೇಡ ಅಂದ್ನಲ್ಲ! ನನ್ನ ನೋಡಿದ್ರೆ ನಿಮಗೆ ಅದೊಂದೇ ಮಾತು ಹೊಳೆಯೋದಾ?"

ಅವನು ಅವಳ ತೋಳಿನಿಂದ ಮೆಲ್ಲಗೆ ಕೈ ತೆಗೆದ. ಮೇಲಿನಿಂದ, ಲ್ಯಾಬಿನಲ್ಲಿ ಅವಳ ಜೊತೆ ಕೆಲಸ ಮಾಡುವ ಅಕ್ಕನನ್ನು ಕೂಗಿ ಕರೆದು, ಅವಳನ್ನು ಒಪ್ಪಿಸಿದ.

"ಸರಿ ಮೇಡಂ. ಇನ್ನು ಕೇಳಲ್ಲ. ನಾಳೆಯಿಂದ ಇಲ್ಲಿಗೆ ಬೇರೆ ಕಂಪನಿಯವರು ಬರ್ತಾರೆ. ಅವರ ಕೆಲಸನಾದರೂ ನಿಮಗೆ ನಂಬಿಕೆ ಬರಲಿ."

ತಿರುಗಿ ನೋಡದೆ ಇಳಿದುಹೋದ.

ನಂಬಿಕೆ? ಯಾವ ನಂಬಿಕೆ? ಅವಳಿಗೆ ತಲೆಬುಡ ತಿಳಿಯಲಿಲ್ಲ. ಅಕ್ಕ ಬಲವಂತವಾಗಿ ಎರಡು ತುತ್ತು ತಿನ್ನಿಸಿದರು. ಅವಳು ತಿನ್ನುತ್ತಲೇ ಕೇಳಿದಳು.

"ಅಕ್ಕಾ, ಬೇರೆ ಕಂಪನಿ ಯಾಕೆ?"

"ನಿನ್ನಿಂದಲೇ ಕಣೇ!" ಅಕ್ಕ ನಕ್ಕರು. "ನೀನು ಸಣ್ಣಗಾಗಿದ್ದು ನೋಡಿ ನಾವೆಲ್ಲ ಮೆಟ್ಟಿಲು ಹಿಡಿದ್ವಿ. ನಾಲ್ಕನೇ ಮಹಡಿಯವರೂ ಹಿಡಿದ್ರು. ಲಿಫ್ಟ್ ಖಾಲಿ! ಜನಕ್ಕೆ ಇನ್ನೂ ಹೆದರಿಕೆ ಹೋಗಿಲ್ಲ, ರಿಪೇರಿ ಸರಿಯಾಗಿಲ್ಲ ಅಂತ ಕಟ್ಟಡದ ಮ್ಯಾನೇಜರ್ ತೀರ್ಮಾನ ಮಾಡಿಬಿಟ್ರು. ಆ ಹುಡುಗ ಅಂದುಕೊಂಡಿರೋದೂ ಅದೇ. ನಿನಗೆ ಅವನ ಲಿಫ್ಟ್ ಅಂದ್ರೆ ಭಯ ಅಂತ."

ಅವಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

'ಒಂದೇ ಸಲ ಹತ್ತಿ ಅಂತ ಅಂಗಲಾಚಿದ್ದು ನನ್ನ ಮೈ ನೋಡಿ ಅಲ್ಲ... ತನ್ನ ಕೆಲಸ ನಾನು ಒಪ್ಪಲಿ ಅಂತ! ಅಯ್ಯೋ ನನ್ನ ಬುದ್ಧಿಗಿಷ್ಟು...'

ಓಡಿದಳು. ಮೊದಲು ಕೆಳಗೆ ಮ್ಯಾನೇಜರ್ ಹತ್ತಿರ.

"ಸಾರ್, ನಾನು ಮೆಟ್ಟಿಲು ಹತ್ತೋದು ಸಕ್ಕರೆ ಕಾಯಿಲೆ ಬರಬಾರದು ಅಂತ. ಉಳಿದವರು ಹತ್ತೋದು ನನ್ನ ನೋಡಿ. ಲಿಫ್ಟಲ್ಲಿ ಏನೂ ದೋಷ ಇಲ್ಲ. ಆ ಮೆಕ್ಯಾನಿಕ್‌ನ ಕಳಿಸಬೇಡಿ!"

ಮ್ಯಾನೇಜರ್ ಕನ್ನಡಕ ಸರಿಪಡಿಸಿಕೊಂಡರು. "ಇದನ್ನ ಮೊದಲೇ ಹೇಳೋದಲ್ವೇನಮ್ಮ? ಅವನು ಮೇಲೆ ಮೋಟಾರು ಕೋಣೆಯಲ್ಲಿ ಸಾಮಾನು ಕಟ್ತಿದ್ದಾನೆ. ಕರಿ, ಮಾತಾಡ್ತೀನಿ."

ಹೇಗೆ ಕರೆಯುವುದು? ಮೋಟಾರು ಕೋಣೆ ತಾರಸಿಯ ಮೇಲೆ, ಹೊರಗಿನವರಿಗೆ ಪ್ರವೇಶವಿಲ್ಲ. ಮ್ಯಾನೇಜರ್ ಫೋನ್ ಮಾಡಿದರೂ ಅವನು ಎತ್ತಲಿಲ್ಲ. ತಟ್ಟನೆ ಅವಳಿಗೊಂದು ಉಪಾಯ ಹೊಳೆಯಿತು. ಆಮೇಲೆ ನೇರವಾಗಿ ಲಿಫ್ಟಿನೊಳಗೆ ಹೋಗಿ ಐದನೇ ಮಹಡಿಯ ಗುಂಡಿ ಒತ್ತಿದಳು. ಮೇಲೆ ಹೋಯಿತು. ಕೆಳಗೆ ಒತ್ತಿದಳು. ಬಂತು. ಮತ್ತೆ ಮೇಲೆ. ಮತ್ತೆ ಕೆಳಗೆ!

ತಾರಸಿಯ ಕೋಣೆಯಲ್ಲಿ ಮೋಟಾರು ಪುರುಸೊತ್ತಿಲ್ಲದೆ ತಿರುಗುತ್ತಿತ್ತು. ಅವನು ಹೌಹಾರಿದ. ಹೋಗುವ ದಿನವೇ ಕೆಟ್ಟುಹೋಯಿತಾ? ಚೀಲ ಬಿಸಾಕಿ ಐದನೇ ಮಹಡಿಗೆ ಓಡಿಬಂದು ಬಾಗಿಲ ಮುಂದೆ ನಿಂತ.

ಬಾಗಿಲು ತೆರೆಯಿತು. ಒಳಗೆ ಅವಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ನೀವು... ಲಿಫ್ಟಲ್ಲಿ?"

"ಬೆಣ್ಣೆ ಹಾಗೆ ಹೋಗುತ್ತೆ ಕಣ್ರೀ ನಿಮ್ಮ ಲಿಫ್ಟು. ಒಂದು ಅಲುಗಾಟ ಇಲ್ಲ. ನನಗೆ ಯಾವತ್ತೂ ಭಯ ಇರಲಿಲ್ಲ. ನಮ್ಮಮ್ಮನ ಕಾಯಿಲೆ ನನಗೂ ಬರಬಾರದು ಅಂತ ಮೆಟ್ಟಿಲು ಹತ್ತುತ್ತಿದ್ದೆ. ನೀವು ಲಿಫ್ಟ್ ಹತ್ತಿ ಅಂದಾಗೆಲ್ಲ ದಪ್ಪ ಅಂತ ಹಂಗಿಸ್ತಿದ್ದೀರಾ ಅಂದ್ಕೊಂಡೆ. ಅದಕ್ಕೇ ಊಟ ಬಿಟ್ಟೆ."

"ಊಟ ಬಿಟ್ರಾ? ನನ್ನಿಂದ?" ಅವನು ಹಣೆ ಚಚ್ಚಿಕೊಂಡ. "ನಿಮ್ಮ ಮೈ ನಾನು ಯಾವತ್ತು ನೋಡಿದೆ ಮೇಡಂ? ಕೆಲಸ ಮುಗಿದ ಮೇಲೂ ಆ ತಿರುವಲ್ಲಿ ಯಾಕೆ ನಿಲ್ತಿದ್ದೆ ಅಂತ ಒಂದು ಸಲನಾದರೂ ಯೋಚನೆ ಮಾಡಿದ್ರಾ? ನಿಮ್ಮ ನಗು ಕೇಳದೆ ಇದ್ದರೆ ಆ ದಿನ ನನಗೆ ಬೆಳಗೇ ಆಗ್ತಿರಲಿಲ್ಲ."

ಬಾಗಿಲು ಮುಚ್ಚಿಕೊಳ್ಳಲು ಹೊರಟಿತು. ಅವನು ಕೈ ಅಡ್ಡ ಹಿಡಿದು ಒಳಗೆ ಬಂದ. ಲಿಫ್ಟಿನಲ್ಲೇ ಇಬ್ಬರೂ ಕೆಳಗಿಳಿದರು. ಅವಳ ಕೈಗೆ ಅವನ ಗ್ರೀಸು ಯಾವಾಗ ಅಂಟಿತೋ ಇಬ್ಬರಿಗೂ ತಿಳಿಯಲಿಲ್ಲ.

"ಮ್ಯಾನೇಜರ್ ಕರೀತಿದ್ದಾರೆ. ನೀವು ಎಲ್ಲಿಗೂ ಹೋಗ್ತಿಲ್ಲ," ಎಂದಳು.

"ನೀವು ಇವತ್ತು ಊಟ ಮಾಡಿದ್ರೆ ಹೋಗಲ್ಲ."

"ಮಾಡ್ತೀನಿ. ಹೊತ್ತು ಹೊತ್ತಿಗೆ ಮಾಡ್ತೀನಿ."

"ನಾಳೆಯಿಂದ ಲಿಫ್ಟೋ, ಮೆಟ್ಟಿಲೋ?"

"ಮೆಟ್ಟಿಲೇ. ನೀವೂ ನನ್ನ ಜೊತೆ."

"ಲಿಫ್ಟ್ ರಿಪೇರಿ ಮಾಡೋನೇ ದಿನಾ ಮೆಟ್ಟಿಲು ಹತ್ತಿದ್ರೆ ಜನ ಏನಂತಾರೆ ಕಣ್ರೀ?"

ಅವಳು ಒದ್ದೆ ಕಣ್ಣಲ್ಲೇ ಅವನನ್ನು ನೋಡಿ ನಕ್ಕಳು.

"ಹೆಂಡತಿ ಮಾತು ಕೇಳ್ತಾನೆ ಅಂತಾರೆ."