ಬೆಳ್ಳಗಾದ ಕೆಂಪು ರೆಕ್ಕೆ

ವಿಮಾನದ ಕೆಂಪು ರೆಕ್ಕೆ ಥೆಲ್ಮಾಳ ಕಣ್ಣೆದುರಿಗೇ ಬೆಳ್ಳಗಾಗತೊಡಗಿತು.

ಮೊದಲು ತುದಿಯಲ್ಲಿ ಅಂಗೈಯಗಲ. ಆಮೇಲೆ ಮೊರದಗಲ. ಮಜ್ಜಿಗೆ ಚೆಲ್ಲಿದ ಹಾಗೆ ಬಿಳಿ ಮಂಕು ಹರಡುತ್ತಾ ಬಂತು.

"ಬಾಗ್ಲು! ಬಾಗ್ಲು ಹಾಕೇ!"

ಅಪ್ಪ ಉಗ್ರಾಣದಿಂದ ಓಡಿ ಬಂದ. ಕೈಲಿದ್ದ ಡಬ್ಬವನ್ನು ನೆಲಕ್ಕೆ ಕುಕ್ಕಿದ. ಬಾಗಿಲಿಗೆ ಅಡ್ಡ ಇಟ್ಟಿದ್ದ ಇಟ್ಟಿಗೆಯನ್ನು ಒದ್ದು, ಬಾಗಿಲನ್ನು ದಢಾರನೆ ಮುಚ್ಚಿದ. ಹೊರಗೆ ಮಳೆ ಸುರಿಯುತ್ತಲೇ ಇತ್ತು.

"ಆ ಇಟ್ಟಿಗೆ ಯಾರು ಇಟ್ಟಿದ್ದು?"

"ನಾನೇ... ವಾಸನೆಗೆ ತಲೆ ಸಿಡೀತಿತ್ತು ಅಪ್ಪಾ. ಒಂಚೂರು ಗಾಳಿ ಬರ್ಲಿ ಅಂತ..."

ಅಪ್ಪ ಬೈಯಲಿಲ್ಲ. ರೆಕ್ಕೆಯ ಮುಂದೆ ಸುಮ್ಮನೆ ನಿಂತುಬಿಟ್ಟ. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಥೆಲ್ಮಾಳಿಗೆ.

ಬಣ್ಣದ ಕೋಣೆಯ ವಾಸನೆಯೇ ಹಾಗೆ, ಅತಿಯಾಗಿ ಕಳಿತ ಬಾಳೆಹಣ್ಣಿನ ವಾಸನೆ. ರೆಕ್ಕೆಗೆ ಮರದ ಚೌಕಟ್ಟು, ಅದರ ಮೇಲೆ ಹತ್ತಿಬಟ್ಟೆ, ಬಟ್ಟೆಯ ಮೇಲೆ ಡೋಪ್ ಎನ್ನುವ ಅಂಟುಬಣ್ಣ. ಪದರದ ಮೇಲೆ ಪದರ ಹಚ್ಚಿದರೆ ಬಟ್ಟೆ ತಮಟೆಯ ಚರ್ಮದಂತೆ ಬಿಗಿಯುತ್ತದೆ. ಆದರೆ ಡೋಪ್ ಹಸಿಯಾಗಿರುವಾಗ ತೇವದ ಗಾಳಿ ತಾಗಿತೋ, ಮುಗಿಯಿತು ಕತೆ. ಮೇಲೆಲ್ಲ ಬಿಳಿ ಮಂಕು ಕೂರುತ್ತದೆ. ಅದಕ್ಕೇ ಮಳೆಯ ದಿನ ಆ ಬಾಗಿಲನ್ನು ಯಾರೂ ತೆರೆದಿಡುವಂತಿಲ್ಲ. ವಿಮಾನ ಕಟ್ಟುವ ವಿಚಿಟಾ ಊರಿನ ಮಕ್ಕಳಿಗೆ ಇದು ಮಗ್ಗಿಗಿಂತ ಮೊದಲೇ ಗೊತ್ತು.

ಥೆಲ್ಮಾಳಿಗೂ ಗೊತ್ತಿತ್ತು. ಆದರೆ ಇವತ್ತು ಅವಳ ತಲೆಯ ತುಂಬ ಜೊತೆಗೆ ಓದುವ ಬರ್ನಿಸ್‌ಳ ಮಾತೇ ಕೊರೆಯುತ್ತಿತ್ತು.

"ನೋಡ್ತಾ ಇರು, ನಿಮ್ಮಪ್ಪನ ಫ್ಯಾಕ್ಟರಿಗೂ ಬೀಗ ಬೀಳುತ್ತೆ," ಅಂದಿದ್ದಳು ಬರ್ನಿಸ್ ಆಟದ ಬಯಲಿನಲ್ಲಿ. "ಆಮೇಲೆ ನಿಮ್ಮಪ್ಪಾನೂ ನಮ್ಮಪ್ಪನ ಜೊತೆ ಪುಕ್ಕಟೆ ಸೂಪಿಗೆ ಕ್ಯೂ ನಿಲ್ತಾನೆ. ಜಾಗ ಹಿಡಿದಿರು ಅಂತ ನಮ್ಮಪ್ಪನಿಗೆ ಹೇಳ್ತೀನಿ ಬಿಡು!"

"ನಿನ್ನ ತಲೆ! ಶನಿವಾರ ಟಲ್ಸಾದಿಂದ ಎಣ್ಣೆಬಾವಿ ಸಾಹುಕಾರ್ರು ಬರ್ತಾರೆ. ವಿಮಾನ ಕೊಂಡ್ಕೋತಾರೆ. ಗೊತ್ತಾ?"

"ಬರ್ತಾರೆ, ಬರ್ತಾರೆ. ಸಾಂತಾಕ್ಲಾಸ್ ಜೊತೆ ಬರ್ತಾರೆ!"

ಅವರು ಬರುವುದು ನಿಜವೇ ಎಂದು ಕೇಳಬೇಕೆಂದು ಥೆಲ್ಮಾ ಸ್ಕೂಲ್ ಬಿಟ್ಟವಳೇ ಅಪ್ಪನ ಕಾಫಿ ಹಿಡಿದು ಬಂದಿದ್ದಳು. ಎರಡು ವರ್ಷದ ಹಿಂದೆ ಈ ಊರಿನಲ್ಲಿ ಎತ್ತ ಕಲ್ಲೆಸೆದರೂ ವಿಮಾನ ಕಟ್ಟುವ ಶೆಡ್ಡಿಗೇ ಬೀಳುತ್ತಿತ್ತು. ಕಾರು ಕೊಂಡ ಹಾಗೆ ಜನ ಪುಟ್ಟ ವಿಮಾನ ಕೊಳ್ಳುತ್ತಾರೆ ಎಂದು ದೊಡ್ಡವರೆಲ್ಲ ಮಾತಾಡಿಕೊಳ್ಳುತ್ತಿದ್ದರು. ಈಗ ಎಲ್ಲೆಲ್ಲೂ ದುಡ್ಡಿನ ಮುಗ್ಗಟ್ಟು, ಕಾರಿಗೇ ಗತಿಯಿಲ್ಲ. ಒಂದೊಂದೇ ಶೆಡ್ಡಿಗೆ ಬೀಗ ಬಿತ್ತು. ಅಪ್ಪ ಕೆಲಸ ಮಾಡುವ ಸ್ಟ್ರಾಡರ್ ಕಂಪನಿಯಲ್ಲಿ ಉಳಿದದ್ದು ನಾಲ್ಕು ಜನ, ಒಂದು ವಿಮಾನ. ಟಲ್ಸಾದವರು ಅದನ್ನು ಕೊಂಡರೆ ಇನ್ನೆರಡು ಕಟ್ಟುವ ಕೆಲಸ ಸಿಗುತ್ತದೆ, ಚಳಿಗಾಲ ಕಳೆಯುತ್ತದೆ ಎಂದು ಅಪ್ಪ ಊಟದ ಹೊತ್ತಿಗೆ ದಿನಾ ಹೇಳುತ್ತಿದ್ದ.

ಆ ರೆಕ್ಕೆಯನ್ನೇ ತಾನು ಹಾಳು ಮಾಡಿಬಿಟ್ಟೆನಲ್ಲ!

ಅಷ್ಟರಲ್ಲಿ ಮೇಸ್ತ್ರಿ ಹಾಬ್ಸನ್ ಬಂದ. ರೆಕ್ಕೆ ನೋಡಿ ಶಿಳ್ಳೆ ಹಾಕಿದ.

"ಏನಯ್ಯಾ ಐರಾ, ಇದೇನಿದು? ಬಾಗ್ಲು ತೆರೆದಿಟ್ಟಿದ್ದು ಯಾರು?"

"ನಾನೇ," ಅಂದ ಅಪ್ಪ.

"ನೀನಾ? ಮಳೇಲಿ ಬಾಗ್ಲು ತೆಗೆದ ಅಂತ ಮೊನ್ನೆ ಮೊನ್ನೆ ಒಬ್ಬನ ಜೊತೆ ಜಗಳ ಆಡಿದೋನು ನೀನು!" ಹಾಬ್ಸನ್ ಓರೆಗಣ್ಣಿನಲ್ಲಿ ಥೆಲ್ಮಾಳನ್ನು ನೋಡಿದ. ಮತ್ತೆ ರೆಕ್ಕೆ ನೋಡಿದ. "ಹೋಗ್ಲಿ ಬಿಡು. ಇನ್ನೇನಾಗ್ಬೇಕು."

ನಾನೇ ಇಟ್ಟಿದ್ದು ಎಂದು ಹೇಳಲು ಥೆಲ್ಮಾ ಬಾಯಿ ತೆರೆದಳು. ಹಾಬ್ಸನ್ ಆಗಲೇ ಬೆನ್ನು ತಿರುಗಿಸಿ ಹೊರಟಿದ್ದ.

ಮನೆಯಲ್ಲೂ ಅವಳು ಹೇಳಲಿಲ್ಲ. ಅಮ್ಮ ತುಂಬು ಬಸುರಿ. ಅಮ್ಮನ ಮನಸ್ಸಿಗೆ ನೋವಾಗುವ ಮಾತು ಆಡಬಾರದು ಎಂದು ಡಾಕ್ಟರು ಹೇಳಿದ್ದರು. ಥೆಲ್ಮಾ ಹಾಸಿಗೆಯಲ್ಲಿ ಹೊರಳಾಡಿದಳು. ತನ್ನಿಂದ ಅಪ್ಪನ ಕೆಲಸ ಹೋಗುತ್ತದೆ. ಹುಟ್ಟುವ ಪಾಪುವಿಗೆ ಹಾಲೂ ಇರುವುದಿಲ್ಲ. ಅಳು ಒತ್ತರಿಸಿ ಬಂತು.

ಶುಕ್ರವಾರ ಮಳೆ ನಿಂತು ಒಣಗಾಳಿ ಬೀಸಿತು. ಸ್ಕೂಲ್ ಬಿಟ್ಟ ಕೂಡಲೇ ಥೆಲ್ಮಾ ಫ್ಯಾಕ್ಟರಿಗೆ ಓಡಿದಳು. ಅಪ್ಪನ ಹತ್ತಿರವಲ್ಲ, ನೇರ ಮಾಲೀಕರ ಹತ್ತಿರ.

ಮಿಸ್ಟರ್ ಸ್ಟ್ರಾಡರ್ ದೊಡ್ಡ ಶೆಡ್ಡಿನಲ್ಲಿ ಒಬ್ಬರೇ ಕಸ ಗುಡಿಸುತ್ತಿದ್ದರು. ಚಿಕ್ಕಪ್ಪನ ದನದ ಕೊಟ್ಟಿಗೆಯಲ್ಲಿ ಮೊದಲ ವಿಮಾನ ಕಟ್ಟಿದ ಮನುಷ್ಯ ಅವರು. ಅವರ ಫೋಟೋ ಪೇಪರಿನಲ್ಲಿ ಬಂದಿತ್ತು. ಈಗ ಗುಡಿಸುವವನನ್ನೂ ಕೆಲಸದಿಂದ ತೆಗೆದಿದ್ದರಿಂದ ಪೊರಕೆ ಅವರ ಕೈಗೇ ಬಂದಿತ್ತು.

"ಮಿಸ್ಟರ್ ಸ್ಟ್ರಾಡರ್, ಬಾಗ್ಲು ತೆರೆದಿಟ್ಟಿದ್ದು ಅಪ್ಪ ಅಲ್ಲ, ನಾನು!" ಒಂದೇ ಉಸಿರಿಗೆ ಹೇಳಿದಳು ಥೆಲ್ಮಾ. "ಅಪ್ಪನ್ನ ಕೆಲಸದಿಂದ ತೆಗೀಬೇಡಿ. ಪ್ಲೀಸ್!"

"ಯಾವ ಬಾಗ್ಲು? ಓ, ಅದಾ?" ಅವರು ಪೊರಕೆಗೆ ಒರಗಿ ನಿಂತರು. "ಅದನ್ನ ನಿಮ್ಮಪ್ಪ ಬೆಳಗ್ಗೆನೇ ಸರಿ ಮಾಡಿದ ಮರೀ. ತೆಳ್ಳಗಿನ ಡೋಪ್ ಹೊಡೆದ, ಬಿಳುಪೆಲ್ಲ ಕರಗಿಹೋಯ್ತು. ಹೋಗಿ ನೋಡು, ಕನ್ನಡಿ ಹಾಗೆ ಮುಖ ಕಾಣುತ್ತೆ."

ಥೆಲ್ಮಾಳ ಎದೆಯ ಮೇಲಿನ ಬಂಡೆ ಇಳಿಯಿತು.

"ಹಾಗಾದ್ರೆ ನಾಳೆ ಟಲ್ಸಾದವರು ಕೊಂಡ್ಕೋತಾರೆ, ಅಲ್ವಾ?"

ಪೊರಕೆಗೆ ಒರಗಿದ್ದ ಸ್ಟ್ರಾಡರ್ ನೆಟ್ಟಗೆ ನಿಂತರು.

"ನಿಮ್ಮಪ್ಪ ಮನೇಲಿ ಹೇಳಿಲ್ವಾ?"

"ಏನನ್ನ?"

"ಅವರು ಬರಲ್ಲಮ್ಮಾ. ಅವರು ದುಡ್ಡಿಟ್ಟಿದ್ದ ಬ್ಯಾಂಕೇ ಮುಳುಗಿಹೋಯ್ತು. ಸೋಮವಾರಾನೇ ಫೋನ್ ಬಂತು. ಇನ್ನು ಬರಬೇಡ್ರಪ್ಪಾ, ಕಂಪನಿ ಮುಚ್ತಾ ಇದೀನಿ ಅಂತ ನಾಲ್ಕೂ ಜನಕ್ಕೆ ಅವತ್ತೇ ಹೇಳ್ದೆ."

"ಮತ್ತೆ ಅಪ್ಪ ದಿನಾ ಬರ್ತಾ ಇದ್ದಾನಲ್ಲ?"

"ಬರ್ತಾ ಇದ್ದಾನೆ. ಎಲ್ಲರೂ ಬರ್ತಾ ಇದ್ದಾರೆ. ಯಾಕ್ರಯ್ಯಾ ಅಂದೆ. 'ವಿಮಾನಾನ ಬರಿಮೈಲಿ ಬಿಟ್ಟು ಹೋಗೋದು ಹೆಂಗೆ, ಬಣ್ಣ ಹಚ್ಚಿ ಹೋಗ್ತೀವಿ' ಅಂದ ನಿಮ್ಮಪ್ಪ." ಅವರು ಮುಖ ತಿರುಗಿಸಿಕೊಂಡು, ಆಗಲೇ ಗುಡಿಸಿದ್ದ ಜಾಗವನ್ನೇ ಮತ್ತೆ ಗುಡಿಸತೊಡಗಿದರು.

ಹಾಗಾದರೆ ತಪ್ಪು ತನ್ನದಲ್ಲ. ಥೆಲ್ಮಾಳಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ತನ್ನ ತಪ್ಪಾಗಿದ್ದರೆ ಸಾರಿ ಕೇಳಬಹುದಿತ್ತು, ಏನಾದರೂ ಮಾಡಬಹುದಿತ್ತು. ಯಾವುದೋ ಊರಿನ ಬ್ಯಾಂಕು ಮುಳುಗಿದರೆ ಹೋಗಿ ಯಾರಿಗೆ ಸಾರಿ ಹೇಳುವುದು?

ಬಣ್ಣದ ಕೋಣೆಯ ಕಿಟಕಿಯಲ್ಲಿ ಇಣುಕಿದಳು. ರೆಕ್ಕೆ ಕೆಂಪಗೆ ಮಿರಮಿರ ಮಿಂಚುತ್ತಿತ್ತು. ಅಪ್ಪ ಮಂಡಿಯೂರಿ ಕೂತು, ಯಾರ ಕಣ್ಣಿಗೂ ಬೀಳದ ಕೆಳಗಿನ ಅಂಚನ್ನು ಬಟ್ಟೆಯಿಂದ ತಿಕ್ಕುತ್ತಿದ್ದ. ಅವನನ್ನು ಕರೆಯದೆ ಅವಳು ಹಿಂತಿರುಗಿದಳು.

ಮನೆ ತಲುಪುವ ಹೊತ್ತಿಗೆ ಬರ್ನಿಸ್‌ಳ ಅಮ್ಮ ಇವರ ಮನೆಯಿಂದ ಹೊರಗೆ ಬರುತ್ತಿದ್ದರು. ಯಾವಾಗಲೂ ನಿಲ್ಲಿಸಿ ಮಾತಾಡಿಸುವವರು ಇವತ್ತು ಥೆಲ್ಮಾಳ ತಲೆ ಸವರಿ ಸರಸರ ಹೊರಟುಹೋದರು.

ರಾತ್ರಿ ಊಟಕ್ಕೆ ಬೇಯಿಸಿದ ಬೀನ್ಸ್ ಕಾಳು, ಮೆಕ್ಕೆಜೋಳದ ಬ್ರೆಡ್ಡು. ಅಪ್ಪ ಅದೂ ಇದೂ ಹೇಳಿ ಒಬ್ಬನೇ ನಗುತ್ತಿದ್ದ.

"ಫ್ಯಾಕ್ಟರಿ ಕಡೆ ಹೋಗಿದ್ಯಾ ಥೆಲ್ಮಾ?" ಅಮ್ಮ ಕೇಳಿದಳು. "ಏನು ಸಮಾಚಾರ?"

ಅಪ್ಪನ ಚಮಚ ತಟ್ಟೆಯಲ್ಲೇ ನಿಂತಿತು. ಅವನು ಥೆಲ್ಮಾಳನ್ನೇ ನೋಡಿದ. ಅಪ್ಪನ ಕಣ್ಣಿನಲ್ಲಿ ಅಷ್ಟು ಹೆದರಿಕೆಯನ್ನು ಅವಳು ಯಾವತ್ತೂ ಕಂಡಿರಲಿಲ್ಲ.

"ರೆಕ್ಕೆ ನೋಡ್ದೆ ಅಮ್ಮಾ," ಅಂದಳು ಥೆಲ್ಮಾ. "ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ? ಮುಖ ಕಾಣುತ್ತೆ."

ಅಪ್ಪ ಉಸಿರು ಬಿಟ್ಟ. "ಟಲ್ಸಾದವರು ನೋಡಿದ್ರೆ ಬಿಡೋದೇ ಇಲ್ಲ," ಅಂದ.

ಅಮ್ಮನೆಂದರೆ ಒಂದು ಮಾತಿಗೆ ಹತ್ತು ಪ್ರಶ್ನೆ ಹಾಕುವವಳು. ಎಷ್ಟು ಹೊತ್ತಿಗೆ ಬರ್ತಾರೆ, ಎಷ್ಟು ಜನ, ಯಾವ ರೈಲಿಗೆ? ಇವತ್ತು ಒಂದನ್ನೂ ಕೇಳಲಿಲ್ಲ. ತನ್ನ ತಟ್ಟೆಯಲ್ಲಿದ್ದ ಬ್ರೆಡ್ಡಿನ ತುಂಡನ್ನು ಎತ್ತಿ ಅಪ್ಪನ ತಟ್ಟೆಗೆ ಹಾಕಿದಳು.

ಬರ್ನಿಸ್‌ಳ ಅಮ್ಮ ಬಂದು ಹೇಳಿಹೋಗಿದ್ದಾರೆ, ಅಮ್ಮನಿಗೂ ಗೊತ್ತಾಗಿದೆ ಎಂದು ಥೆಲ್ಮಾಳಿಗೆ ಆಗ ಹೊಳೆಯಿತು.

"ಐರಾ, ನಿನ್ನ ಬಿಳಿ ಅಂಗಿ ಇಸ್ತ್ರಿ ಮಾಡಿಡ್ತೀನಿ," ಅಂದಳು ಅಮ್ಮ, ಅಪ್ಪನ ಮುಖ ನೋಡದೆ. "ನಾಳೆ ದೊಡ್ಡ ಮನುಷ್ಯರು ಬರ್ತಾರಲ್ಲ."

ಮೇಜಿನ ಮೇಲೆ ಕೈಯೂರಿ ಅಮ್ಮ ಕಷ್ಟಪಟ್ಟು ಏಳತೊಡಗಿದಳು.

"ನೀನು ಕೂತ್ಕೋ ಅಮ್ಮಾ," ಅಂದಳು ಥೆಲ್ಮಾ. ಎದ್ದು ಹೋಗಿ ಇಸ್ತ್ರಿಪೆಟ್ಟಿಗೆಯನ್ನು ಕಾಯಲು ಒಲೆಯ ಮೇಲೆ ಇಟ್ಟಳು.